ಸೂಜಿಮೊನೆ ಎಂಬ ಗಿರಾಕಿ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕೋಟಿನ ಮಾಸ್ತರ ಎಂದೇ ಕರೆಯುತ್ತಿದ್ದರು. ಷರಟು, ಪ್ಯಾಂಟು ಹೊಲಿಯುವವರು ಎಲ್ಲ ಕಡೆಯೂ ಸಿಗುತ್ತಾರೆ. ಕೋಟಿನ ಮಾತೇ ಬೇರೆ. ಹಾಕಿಕೊಂಡವನ ಗೂನುಬೆನ್ನು ನೆಟ್ಟಗೆ ಕಾಣಬೇಕು, ಒಂದು ಭುಜ ತಗ್ಗಾಗಿದ್ದರೆ ಇನ್ನೊಂದರ ಸಮಕ್ಕೆ ಬರಬೇಕು, ಕೈ ಎತ್ತಿದರೆ ಕಾಲರು ಕತ್ತು ಬಿಟ್ಟು ಏಳಬಾರದು. ಇಷ್ಟೆಲ್ಲ ಬಲ್ಲವನು ಆ ಊರಿಗೆ ಅವನೊಬ್ಬನೇ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದದ್ದು ಸ್ವಲ್ಪ ಹೆಚ್ಚೇ ಆಯಿತು ಎನ್ನುವವರೂ ಇದ್ದರು.

ನಗುವುದು ಅವನ ಜಾಯಮಾನದಲ್ಲಿರಲಿಲ್ಲ. ಗಿರಾಕಿಯ ಸೊಂಟಕ್ಕೆ ಅಳತೆಯ ಟೇಪು ಸುತ್ತಿ, "ಹೋದ ಸಲಕ್ಕಿಂತ ದಪ್ಪ ಆಗಿದೀರಿ" ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ ಹೇಳುತ್ತಿದ್ದ. ತಂದ ಬಟ್ಟೆಯ ಬಣ್ಣ ಹೇಗಿದೆ ಎಂದು ಯಾರಾದರೂ ಕೇಳಿದರೆ, "ನಿಮಗೆ ಒಪ್ಪಲ್ಲ" ಎಂದುಬಿಡುತ್ತಿದ್ದ. ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ನಿಜ ಕೇಳುವುದಕ್ಕೆಂದು ಯಾರೂ ದರ್ಜಿಯ ಹತ್ತಿರ ಬರುವುದಿಲ್ಲ ಎನ್ನುವುದು ಅವನ ತಲೆಗೆ ಹೋಗಿರಲಿಲ್ಲ.

ಅವನ ಹೆಂಡತಿಗೆ ಒಬ್ಬಳು ತಂಗಿ. ಆ ತಂಗಿಯ ಗಂಡ, ಅಂದರೆ ಮಾಸ್ತರನ ಷಡ್ಡಕ, ಮೊದಲು ಚಪ್ಪಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಂಗಡಿ ಮುಚ್ಚಿದಾಗ ನಾದಿನಿ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಭಾವ, ಇವರಿಗೆ ನಿಮ್ಮ ಕಸುಬು ಒಂಚೂರು ಕಲಿಸಿಕೊಡಿ. ಇನ್ಯಾರ ಹತ್ರ ಹೋಗೋಣ ಹೇಳಿ?" ಎಂದಳು. ಮಾಸ್ತರನ ಹೆಂಡತಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದವಳು ತಿರುಗಲೇ ಇಲ್ಲ. ಅವಳು ತಿರುಗದೆ ನಿಂತಳೆಂದರೆ ಆ ವಿಷಯದಲ್ಲಿ ಆಗಲ್ಲ ಎನ್ನುವ ಹಾಗಿಲ್ಲ ಎಂದು ಸಂಸಾರದಲ್ಲಿ ಇಷ್ಟು ಕಾಲ ಕಳೆದವನಿಗೆ ಗೊತ್ತಿತ್ತು.

ಕಲಿಸಿದ. ಕತ್ತರಿ ಹಿಡಿಯುವುದರಿಂದ ಹಿಡಿದು ಕಾಜಾ ಹೊಲಿಯುವುದು, ಅಸ್ತರು ಕೂಡಿಸುವುದು, ಜೇಬು ಕೂರಿಸುವುದು ಎಲ್ಲ ಕಲಿಸಿದ. ಒಂದನ್ನು ಮಾತ್ರ ಇಟ್ಟುಕೊಂಡ. ಕೋಟಿನ ತೋಳನ್ನು ಭುಜಕ್ಕೆ ಕೂಡಿಸುವಾಗ ತೋಳಿನ ಬಟ್ಟೆ ಭುಜದ ಸುತ್ತಳತೆಗಿಂತ ದೊಡ್ಡದಿರುತ್ತದೆ; ಆ ಹೆಚ್ಚಿನ ಬಟ್ಟೆಯನ್ನು ಕಣ್ಣಿಗೆ ಕಾಣದಂತೆ ಒಳಗೆ ಮುಳುಗಿಸಬೇಕು. ಅದಕ್ಕೆ ಮಾಸ್ತರ ಕೈಯಲ್ಲೇ ಎರಡು ಸಾಲು ಕಚ್ಚಾ ಹೊಲಿಗೆ ಹಾಕಿ, ನೂಲನ್ನು ಮೆಲ್ಲಗೆ ಜಗ್ಗಿ, ಉಬ್ಬು ದಿಂಬಿನ ಮೇಲೆ ಇಟ್ಟು ಆವಿ ಹಿಡಿದು, ಆಮೇಲೆ ಮಿಷನ್ನಿಗೆ ಕೊಡುತ್ತಿದ್ದ. ಆ ಕೆಲಸ ಮಾಡುವಾಗ ಏನಾದರೂ ನೆಪ ತೆಗೆದು ಷಡ್ಡಕನನ್ನು ಹೊರಗೆ ಕಳಿಸುತ್ತಿದ್ದ. "ಗುಂಡಿ ತಗೊಂಡು ಬಾ." ಷಡ್ಡಕ ಗುಂಡಿ ತರುತ್ತಿದ್ದ. ಜೊತೆಗೆ ಗುಂಡಿಯ ಅಂಗಡಿಯವನ ಮನೆಯ ಸಮಾಚಾರವನ್ನೂ ತರುತ್ತಿದ್ದ.

ಅದೇ ನೋಡಿ ಅವನ ಬಂಡವಾಳ. ಯಾರ ಮಗಳ ಪರೀಕ್ಷೆ, ಯಾರ ಮಂಡಿನೋವು, ಎಲ್ಲ ಅವನಿಗೆ ನೆನಪಿರುತ್ತಿತ್ತು. ಹೊಟ್ಟೆ ಬೆಳೆದ ಗಿರಾಕಿಗೆ, "ಬಟ್ಟೆ ಸ್ವಲ್ಪ ಕುಗ್ಗಿದೆ ಸಾರ್, ಸಡಿಲ ಮಾಡಿಕೊಡ್ತೀನಿ" ಎನ್ನುತ್ತಿದ್ದ. ಕಸುಬು ಕೈಗೆ ಬಂದ ಮೇಲೆ ಒಂದು ದಿನ ಮಾಸ್ತರನ ಮುಂದೆ ಬಂದು ನಿಂತ.

"ಅಣ್ಣಾ, ಎದುರಿನ ಮಳಿಗೆ ಖಾಲಿ ಆಗಿದೆಯಂತೆ. ನೀವು ಬೇಡ ಅಂದ್ರೆ ಬೇಡ."

"ನಂದೇನಿದೆ? ಬೀದಿ ನಮ್ಮಪ್ಪನದಾ?" ಎಂದ ಮಾಸ್ತರ.

ಷಡ್ಡಕ ಅದನ್ನು ಒಪ್ಪಿಗೆ ಎಂದೇ ತಿಳಿದ. ಅಂಗಡಿ ತೆರೆದ.

ಮಾಸ್ತರನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಅಲ್ಲಿಂದ. ಒಂದೇ ಸಲಕ್ಕೆ ಹತ್ತಲಿಲ್ಲ. ಕತ್ತರಿಸುವ ಮೇಜಿನಿಂದ ತಲೆ ಎತ್ತಿದರೆ ಸಾಕು, ಎದುರಿನ ಗಾಜಿನ ಬಾಗಿಲು ಕಾಣುತ್ತಿತ್ತು. ಬೆಂಚಿನ ಮೇಲೆ ಜನ ಕೂತಿರುತ್ತಿದ್ದರು. ಕೆಲಸವಿಲ್ಲದವರೂ ಕೂತಿರುತ್ತಿದ್ದರು! ಅಲ್ಲಿನ ನಗು ರಸ್ತೆ ದಾಟಿ ಬರುತ್ತಿತ್ತು. ತನ್ನ ಹತ್ತಿರ ಕೋಟು ಹೊಲಿಸುತ್ತಿದ್ದ ಹಲ್ಲಿನ ಡಾಕ್ಟರು ಒಂದು ದಿನ ಬಟ್ಟೆಯ ಪೊಟ್ಟಣ ಕಂಕುಳಲ್ಲಿ ಅವುಚಿಕೊಂಡು, ಇತ್ತ ಕಡೆ ಮುಖ ತಿರುಗಿಸದೆ ಎದುರಿನ ಅಂಗಡಿಗೆ ಹೋದರು. ಹೊಲಿಸಿದ ಕೋಟನ್ನು ಹಾಕಿಕೊಂಡು ಅವರು ಮುಂದೊಂದು ದಿನ ಹೊರಗೆ ಬಂದಾಗ ಮಾಸ್ತರ ಕನ್ನಡಕ ಸರಿಮಾಡಿಕೊಂಡು ನೋಡಿದ. ತೋಳಿನ ನೆತ್ತಿಯಲ್ಲಿ ಬಟ್ಟೆ ಸುಕ್ಕುಸುಕ್ಕಾಗಿ ನಿಂತಿತ್ತು. ಡಾಕ್ಟರು ಮಾತ್ರ ಹಿಗ್ಗಿನಿಂದ ಬೀಗುತ್ತ ಹೋದರು.

"ಸುಕ್ಕು! ಕಣ್ಣು ಕಾಣಲ್ವಾ ಈ ಜನಕ್ಕೆ?" ಎಂದು ಮನೆಯಲ್ಲಿ ಕೂಗಾಡಿದ.

"ಹೋಗ್ಲಿ ಬಿಡ್ರೀ. ಪಾಪ, ಈಗೀಗ ತಲೆ ಎತ್ತುತ್ತಿದಾನೆ" ಎಂದಳು ಹೆಂಡತಿ.

ಆ "ಪಾಪ" ಅವನನ್ನು ಸುಟ್ಟಿತು. ತನಗೆ ಯಾರೂ ಪಾಪ ಎಂದದ್ದಿಲ್ಲ.

ಫೋನಿನ ಚಟ ಶುರುವಾದದ್ದು ಆಮೇಲೆ. ಊರಿನ ಅಂಗಡಿಗಳಿಗೆಲ್ಲ ಜನ ನಕ್ಷತ್ರ ಕೊಟ್ಟು ಅಭಿಪ್ರಾಯ ಬರೆಯುತ್ತಾರೆಂದು ಅವನಿಗೆ ಗೊತ್ತಾಯಿತು. ಷಡ್ಡಕನ ಅಂಗಡಿಯ ಪುಟದಲ್ಲಿ ನಕ್ಷತ್ರಗಳು ಮಿನುಗುತ್ತಿದ್ದವು. "ಮನೆಯವರ ಹಾಗೆ ಮಾತಾಡಿಸುತ್ತಾರೆ" ಎಂದು ಒಬ್ಬರು ಬರೆದಿದ್ದರೆ, "ಹೋಗಿ ಬಂದರೆ ಮನಸ್ಸು ಹಗುರ" ಎಂದು ಇನ್ನೊಬ್ಬರು. ಹೊಲಿಗೆಯ ಬಗ್ಗೆ ಒಂದು ಮಾತಿಲ್ಲ! ಮಾಸ್ತರನ ಅಂಗಡಿಯ ಪುಟ ಮಧ್ಯಾಹ್ನದ ಬೀದಿಯ ಹಾಗೆ ಬಣಗುಡುತ್ತಿತ್ತು. "ಕೆಲಸ ಅಚ್ಚುಕಟ್ಟು, ಮಾತು ಕಟು" ಎಂದು ಯಾರೋ ಒಬ್ಬರು ಬರೆದು ಹೋಗಿದ್ದರು, ಅಷ್ಟೆ.

ಬೆಳಗ್ಗೆ ಅಂಗಡಿ ತೆರೆದ ಕೂಡಲೇ ನೋಡುವುದು, ಊಟಕ್ಕೆ ಮುಂಚೆ ನೋಡುವುದು, ಬೀಗ ಹಾಕುವಾಗ ನೋಡುವುದು. ಆಮೇಲೆ ಹುಡುಕುವುದಕ್ಕೂ ತೊಡಗಿದ. ಒಳ್ಳೆಯ ಕೆಲಸಗಾರನಿಗೆ ಗಿರಾಕಿಗಳು ಯಾಕೆ ಬರುವುದಿಲ್ಲ. ನಗುಮುಖ ಮಾಡುವುದು ಹೇಗೆ. ಎದುರಿನ ಅಂಗಡಿಯನ್ನು ಸೋಲಿಸುವುದು ಹೇಗೆ. ಷಡ್ಡಕ ಹೊಸದಾಗಿ ಆವಿ ಇಸ್ತ್ರಿಯ ಯಂತ್ರ ತಂದ ದಿನ ಬೀದಿಯ ಜನವೆಲ್ಲ ಮದುವೆ ಹೆಣ್ಣನ್ನು ನೋಡುವ ಹಾಗೆ ಅದನ್ನು ನೋಡಿ ಹೋದರು. ಅವತ್ತು ಮಾಸ್ತರನ ಬೆರಳು ಫೋನಿನ ಮೇಲೆ ಇನ್ನೊಂದು ಮಾತು ಒತ್ತಿತು: ಇಸ್ತ್ರಿ ಯಂತ್ರದಿಂದ ಅಂಗಡಿಗೆ ಬೆಂಕಿ ಹತ್ತುತ್ತದೆಯೇ. ಹಚ್ಚಬೇಕೆಂದಲ್ಲ. ಹತ್ತಿದರೆ ಎಷ್ಟು ಚೆನ್ನ ಎಂದು ಒಂದು ಗಳಿಗೆ ಕನಸು ಕಂಡು, ಓದಿ, ಫೋನನ್ನು ಕವುಚಿ ಹಾಕಿ ಕೆಲಸಕ್ಕೆ ಕೂತ.

ಸೂಜಿಮೊನೆ ಎಂಬ ಗಿರಾಕಿ ಹುಟ್ಟಿದ್ದೂ ಆ ಫೋನಿನಲ್ಲೇ. ಆ ಹೆಸರಿನಲ್ಲಿ ಒಂದು ಖಾತೆ ಮಾಡಿಕೊಂಡು ಮಾಸ್ತರ ಷಡ್ಡಕನ ಅಂಗಡಿಗೆ ಒಂದೇ ನಕ್ಷತ್ರ ಕೊಟ್ಟ. ಬೈಗುಳ ಬರೆಯುವುದು ಅವನಿಗೆ ಒಗ್ಗಲಿಲ್ಲ. ಕಸುಬಿನವನಲ್ಲವೇ, ತಪ್ಪನ್ನು ತಪ್ಪು ಎಂದು ಇಂಚಿಂಚಾಗಿ ಬರೆದ. "ತೋಳನ್ನು ನೇರ ಮಿಷನ್ನಿಗೆ ಕೊಟ್ಟರೆ ಸುಕ್ಕು ಬರದೆ ಇನ್ನೇನು? ಮೊದಲು ಕೈಯಲ್ಲಿ ಎರಡು ಸಾಲು ಕಚ್ಚಾ ಹಾಕಿ ಜಗ್ಗಬೇಕು. ಅಷ್ಟೂ ಗೊತ್ತಿಲ್ಲದವರು ಕೋಟಿಗೆ ಕೈ ಹಾಕಬಾರದು." ಸ್ವಲ್ಪ ಹೊತ್ತಿನಲ್ಲೇ ಷಡ್ಡಕನ ಉತ್ತರ ಬಂತು: "ದಯವಿಟ್ಟು ಕೋಟು ತನ್ನಿ ಸಾರ್, ಬಿಚ್ಚಿ ಮತ್ತೆ ಹೊಲಿದು ಕೊಡುತ್ತೇನೆ." ಮಾಸ್ತರನಿಗೆ ಅಮೃತ ಕುಡಿದಷ್ಟು ಹಿತವಾಯಿತು. ಅವನು ಅದನ್ನು ಓದಿ, ತಲೆ ಎತ್ತಿ, ಗಾಜಿನಾಚೆ ಷಡ್ಡಕ ಬಾಡಿದ ಮುಖ ಮಾಡಿಕೊಂಡು ಕೂತದ್ದನ್ನು ನೋಡಿದ. ಅಂದಿನಿಂದ ಸೂಜಿಮೊನೆ ಆಗಾಗ ಬಂದು ಹೋಗುವ ಗಿರಾಕಿಯಾದ.

ಬೀದಿಗೆ ವಾರದ ರಜೆ ಇದ್ದ ಒಂದು ಮಧ್ಯಾಹ್ನ ಷಡ್ಡಕನ ಅಂಗಡಿಗೆ ಬೆಂಕಿ ಬಿತ್ತು.

ಅಂಗಡಿಯಲ್ಲಿ ಯಾರೂ ಇರಲಿಲ್ಲ, ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಹೊಲಿದು ತೂಗುಹಾಕಿದ್ದ ಬಟ್ಟೆಯೆಲ್ಲ ಬೂದಿಯಾಯಿತು. ಮಿಷನ್ನುಗಳು ಕರಿಕಟ್ಟಿದವು. ನಾದಿನಿ ರಸ್ತೆಯ ಮಧ್ಯೆ ಕೂತು ಅತ್ತಳು. ಸಂಜೆ ಮಾಸ್ತರ ಅಲ್ಲಿಗೆ ಬಂದಾಗ ಸುಟ್ಟ ಉಣ್ಣೆಯ ವಾಸನೆ ಬೀದಿ ತುಂಬಿತ್ತು. ಅವನ ಎದೆ ಧಸಕ್ಕೆಂದಿತು. ಆ ಧಸಕ್ಕಿನ ಅಡಿಯಲ್ಲಿ ಒಂದು ಸಣ್ಣ ತಂಪು ಇತ್ತು. ಅದನ್ನು ಕಂಡು ಅವನಿಗೇ ಭಯವಾಯಿತು. ಆಮೇಲೆ ತಾನು ಫೋನಿನಲ್ಲಿ ಕೇಳಿದ್ದ ಪ್ರಶ್ನೆ ನೆನಪಾಯಿತು. ಅಂಗಡಿಯ ಒಳಗೆ ಹೋಗಿ, ಕದ ಮುಂದೆ ಮಾಡಿಕೊಂಡು, ಫೋನಿನಲ್ಲಿ ಹುಡುಕಿದ್ದನ್ನೆಲ್ಲ ಅಳಿಸಿದ. ಸೂಜಿಮೊನೆಯ ಖಾತೆಯಿಂದಲೂ ಹೊರಗೆ ಬಂದ.

ತನಿಖಾಧಿಕಾರಿ ಮನೆಗೆ ಬಂದರು. ಅವರು ಮೊದಲು ಕೇಳಿದ ಪ್ರಶ್ನೆಗೇ ಮಾಸ್ತರ ಎಡವಿದ. ಆ ಮಧ್ಯಾಹ್ನ ಎಲ್ಲಿದ್ದಿರಿ ಎಂದರೆ, "ಮನೇಲಿ ಮಲಗಿದ್ದೆ" ಎಂದ. ಅವನ ಹೆಂಡತಿ ಏನೂ ತಿಳಿಯದೆ, "ನೂಲು ತರೋಕೆ ಹೋಗಿದ್ರಲ್ರೀ" ಎಂದಳು. ರಜೆಯ ದಿನ ನೂಲಿನ ಅಂಗಡಿ ಎಲ್ಲಿ ತೆರೆದಿರುತ್ತದೆ? ಅವನು ಬೀದಿಯ ಕೊನೆಯಲ್ಲಿ ನಡೆದುಹೋದದ್ದನ್ನು ಕ್ಷೌರದಂಗಡಿಯವನು ನೋಡಿದ್ದ. ಷಡ್ಡಕನ ಹೆಸರೆತ್ತಿದರೆ ಮಾಸ್ತರನ ಮುಖ ಹೇಗಾಗುತ್ತದೆಂದು ಹೇಳಲಿಕ್ಕೆ ಬೀದಿಯ ಜನ ಪೈಪೋಟಿಗೆ ಬಿದ್ದರು.

ನಿಜ ಏನೆಂದರೆ, ಆ ಹೊತ್ತಿನಲ್ಲಿ ಅವನು ಊರಿನ ಇನ್ನೊಂದು ತುದಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತಿದ್ದ. ಅಲ್ಲಿನ ವೈಫೈಯಲ್ಲಿ ಬರೆದರೆ ಯಾರು ಬರೆದದ್ದೆಂದು ತಿಳಿಯುವುದಿಲ್ಲ ಎಂದು ಅವನ ಎಣಿಕೆ. ಸೂಜಿಮೊನೆಯ ಹೆಸರಿನಲ್ಲಿ ಷಡ್ಡಕನ ಕೋಟಿನ ಮೇಲೆ ಇನ್ನೊಂದು ಉದ್ದನೆಯ ದೂರು ಬರೆಯುತ್ತಿದ್ದ. ಇದನ್ನು ಬಾಯಿ ಬಿಟ್ಟು ಹೇಳುವುದಕ್ಕಿಂತ ಜೈಲಿಗೆ ಹೋಗುವುದೇ ಮೇಲು ಎಂದು ಅವನಿಗೆ ಅನ್ನಿಸಿತು.

"ಫೋನ್ ಕೊಡಿ" ಎಂದರು ಅಧಿಕಾರಿ.

"ತಗೊಳ್ಳಿ. ಅದರಲ್ಲೇನಿದೆ?" ಎಂದು ಧೈರ್ಯವಾಗಿಯೇ ಕೊಟ್ಟ. ಅಧಿಕಾರಿ ಅದನ್ನು ಬೆಳ್ಳಿಬಣ್ಣದ ಒಂದು ಚೀಲಕ್ಕೆ ಹಾಕಿ ಬಾಯಿ ಮಡಚಿದರು. ಸಿಗ್ನಲ್ ಒಳಗೆ ಹೋಗಬಾರದು, ದೂರದಿಂದ ಯಾರೂ ಏನೂ ಅಳಿಸಬಾರದು, ಅದಕ್ಕೆ ಆ ಚೀಲ ಎಂದರು. ಆಮೇಲೆ ಅವರ ಕಣ್ಣು ನಡುಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಹಳೆಯ ಕಂಪ್ಯೂಟರಿನ ಮೇಲೆ ಬಿತ್ತು. "ಅದು ನಂದು, ಕ್ರೋಶಾ ಹೆಣಿಗೆ ವಿನ್ಯಾಸ ನೋಡೋಕೆ. ಬೆಂಕಿ ಬಿದ್ದ ದಿನ ಬೆಳಗ್ಗೆ ಆರಿಸಿದ್ದು, ಮತ್ತೆ ಮುಟ್ಟಿಲ್ಲ" ಎಂದಳು ಹೆಂಡತಿ. ಅಧಿಕಾರಿ ಅದನ್ನೂ ಹೊತ್ತುಕೊಂಡು ಹೋದರು.

ಕೆಲವು ದಿನ ಕಳೆದ ಮೇಲೆ ಪೊಲೀಸರು ಫೋನು ಪರೀಕ್ಷಿಸುವ ಪ್ರಯೋಗಾಲಯದಿಂದ ಮಾಸ್ತರನಿಗೆ ಕರೆ ಬಂತು. ಹೆಂಡತಿ ತಾನೂ ಬರುತ್ತೇನೆಂದು ಹೊರಟಳು. ಬೇಡ ಎಂದರೆ ಕೇಳಲಿಲ್ಲ.

ಮೇಲಿನ ಮಹಡಿಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ಚೀಟಿ ಅಂಟಿಸಿದ ಚೀಲಗಳು. ಪ್ರತಿಯೊಂದರಲ್ಲೂ ಯಾರದೋ ಫೋನು. ಮೇಜಿನ ಹಿಂದೆ ಕೂತಿದ್ದಾಕೆ ಆ ಪ್ರಯೋಗಾಲಯದ ಮೇಡಂ. ವಯಸ್ಸು ನಡುವಿನದು, ಮಾತು ಮೆತ್ತಗೆ. ಆಕೆಯ ಸ್ವೆಟರಿನ ಒಂದು ಗುಂಡಿಯನ್ನು ಬೇರೆ ಬಣ್ಣದ ನೂಲಿನಲ್ಲಿ ಹೊಲಿದಿದ್ದದ್ದು ಮಾಸ್ತರನ ಕಣ್ಣಿಗೆ ಚುಚ್ಚಿತು. ತನಿಖಾಧಿಕಾರಿ ಕಿಟಕಿಯ ಹತ್ತಿರ ನಿಂತಿದ್ದರು. ಅವರ ಕೋಟು ಹೊಸದು. ತೋಳಿನ ನೆತ್ತಿಯಲ್ಲಿ ಸುಕ್ಕು.

"ಈ ಕೋಟು ಎಲ್ಲಿ ಹೊಲಿಸಿದ್ರಿ?" ಎಂದು ಬಾಯಿ ತಪ್ಪಿ ಕೇಳಿಬಿಟ್ಟ.

"ನಿಮ್ಮ ಷಡ್ಡಕರ ಹತ್ರಾನೇ. ತುಂಬಾ ಒಳ್ಳೆ ಮನುಷ್ಯ" ಎಂದರು ಅಧಿಕಾರಿ.

ತನ್ನನ್ನು ಬೆಂಕಿ ಹಚ್ಚಿದವನೆಂದು ಕರೆಸಿದ ಜಾಗದಲ್ಲೂ ಹೊಟ್ಟೆ ಉರಿಯಬೇಕೆ? ಉರಿಯಿತು.

ಮೇಡಂ ಫೋನನ್ನು ಮುಟ್ಟದೆ, ತಮ್ಮ ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದರು. "ಮಾಸ್ತರೇ, ನೀವು ಬೆಂಕಿ ಬಿದ್ದ ಸಂಜೆ ಎಲ್ಲಾ ಅಳಿಸಿದೀರಿ. ಯಾಕೆ?"

"ಅಳಿಸಿದ್ದು... ನಿಮಗೆ ಹೇಗೆ ಗೊತ್ತು?"

"ಅಳಿಸಿದ ಗುರುತು ಅಲ್ಲೇ ಇದೆ." ಆಕೆ ಅವಸರವಿಲ್ಲದೆ ಬಿಡಿಸಿ ಹೇಳಿದರು. ಮೊದಲು ಫೋನಿನಲ್ಲಿರುವುದನ್ನೆಲ್ಲ ಯಥಾವತ್ ನಕಲು ತೆಗೆಯುತ್ತಾರೆ. ಅಸಲನ್ನು ಮತ್ತೆ ಮುಟ್ಟುವುದಿಲ್ಲ, ಹುಡುಕಾಟವೆಲ್ಲ ನಕಲಿನಲ್ಲೇ. ಫೋನಿನಲ್ಲಿ ಅಳಿಸು ಎಂದರೆ ಅದು ಆ ಸಾಲನ್ನು ಕೂಡಲೇ ಉಜ್ಜಿ ಹಾಕುವುದಿಲ್ಲ. ಈ ಜಾಗ ಖಾಲಿ, ಬೇಕಾದರೆ ಇಲ್ಲಿ ಬೇರೆ ಬರೆಯಬಹುದು ಎಂದು ಗುರುತು ಹಾಕಿಕೊಳ್ಳುತ್ತದೆ, ಅಷ್ಟೆ. ಹೊಸದು ಬಂದು ಕೂರುವ ತನಕ ಹಳೆಯದು ಅಲ್ಲೇ ಇರುತ್ತದೆ. ಹಾಗೆ ಸಿಕ್ಕಿದ್ದು ಕೆಲವೇ ಸಾಲು, ಅವೂ ತುಂಡುತುಂಡು.

"ಹೊಲಿಗೆ ಬಿಚ್ಚಿದ್ರೂ ಸೂಜಿ ತೂತು ಉಳಿದ ಹಾಗೆ" ಎಂದ ಮಾಸ್ತರ, ತನಗೆ ತಾನೇ.

"ಹೂಂ. ಆಮೇಲೆ ಇದನ್ನ ನೋಡಿ." ಫೋನಿನ ಕೀಲಿಮಣೆ ನಾವು ಪದೇಪದೇ ಬಳಸುವ ಮಾತುಗಳನ್ನು ಕಲಿತುಕೊಂಡಿರುತ್ತದೆಯಂತೆ. ಅದು ಕಲಿತ ಮಾತುಗಳ ಪಟ್ಟಿ ಪರದೆಯ ಮೇಲಿತ್ತು. ಷ ಎಂದು ಒತ್ತಿದರೆ ಸಾಕು, ಷಡ್ಡಕ ಎಂದು ಅದೇ ಮುಂದೆ ಹೇಳುತ್ತಿತ್ತು. ಅದರ ಬೆನ್ನಿಗೆ ಅಂಗಡಿ. ಅದರ ಬೆನ್ನಿಗೆ ಮುಚ್ಚುವುದು.

ಹೆಂಡತಿ ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿದಳು.

"ಇನ್ನು ಉಳಿದದ್ದೆಲ್ಲ ಸಿಕ್ಕಿದ್ದು ಇವರ ಕಂಪ್ಯೂಟರಲ್ಲಿ" ಎಂದರು ಮೇಡಂ. ಮಾಸ್ತರನ ಮಗಳು ಮದುವೆಯಾಗಿ ಹೋಗುವ ಮುಂಚೆ ಫೋನಿಗೂ ಕಂಪ್ಯೂಟರಿಗೂ ಒಂದೇ ಖಾತೆ ಹಾಕಿಕೊಟ್ಟಿದ್ದಳು. ಫೋನಿನಲ್ಲಿ ಅಪ್ಪ ಹುಡುಕಿದ್ದೆಲ್ಲ ಅಮ್ಮನ ಕಂಪ್ಯೂಟರಿಗೂ ತಾನಾಗಿ ಹೋಗಿ ಕೂರುತ್ತಿತ್ತು. ಅಳಿಸಿದ ಸುದ್ದಿಯೂ ಹೋಗಬೇಕಿತ್ತು. ಆದರೆ ಕಂಪ್ಯೂಟರನ್ನು ಮತ್ತೆ ಯಾರೂ ಹಚ್ಚಿರಲಿಲ್ಲ. ಇವರು ಅದನ್ನು ನೆಟ್‌ಗೆ ಸೇರಿಸದೆ, ಒಳಗಿನ ಡಿಸ್ಕನ್ನು ಬಿಚ್ಚಿ ನಕಲು ತೆಗೆದಿದ್ದರು.

ತನಿಖಾಧಿಕಾರಿ ಓದಿದರು. ನಗುಮುಖದ್ದನ್ನು ಓದಿದರು, ಸೋಲಿಸುವುದನ್ನು ಓದಿದರು. ಬೆಂಕಿಯದನ್ನು ಓದಿ ತಲೆ ಎತ್ತಿದರು. ಮಾಸ್ತರನ ಕಿವಿ ಕಾದವು. ಹೆಂಡತಿಯ ಕಡೆ ನೋಡುವ ಧೈರ್ಯವಾಗಲಿಲ್ಲ.

"ಇದನ್ನ ಯಾಕೆ ಹುಡುಕಿದ್ರಿ?"

"ಹೊಟ್ಟೆಕಿಚ್ಚಿಗೆ ಸಾರ್. ಹತ್ತಲಿ ಅಂತ ಆಸೆ ಇತ್ತು. ನಾನು ಹಚ್ಚಲಿಲ್ಲ."

ಅಧಿಕಾರಿ ಮೇಡಂ ಕಡೆ ತಿರುಗಿದರು. ಆಮೇಲೆ ಮೇಡಂ ಹೇಳಿದರು: "ಬೆಂಕಿ ಬಿದ್ದ ಹೊತ್ತಲ್ಲಿ ನಿಮ್ಮ ಫೋನು ಗ್ರಂಥಾಲಯದ ವೈಫೈಯಲ್ಲಿತ್ತು. ಅಲ್ಲಿ ಸದಸ್ಯರ ಚೀಟಿ ಸಂಖ್ಯೆ ಹಾಕದೆ ನೆಟ್ ಸಿಗಲ್ಲ, ನಿಮ್ಮದೇ ಸಂಖ್ಯೆ. ಫೋನಿನಲ್ಲಿ ಉಳಿದ ಒಂದು ತುಂಡಿನಲ್ಲಿ ಆ ಹೊತ್ತಿನದೇ ಒಂದು ಹುಡುಕಾಟ ಇದೆ. ಕೆಟ್ಟ ಅಭಿಪ್ರಾಯ ಬರೆದರೆ ಬರೆದವರು ಯಾರೆಂದು ಗೊತ್ತಾಗುತ್ತದೆಯೇ, ಅಂತ. ನ್ಯಾಯಾಲಯದ ಆದೇಶ ಕಳಿಸಿ ಆ ಕಂಪನಿಯನ್ನೂ ಕೇಳಿದ್ವಿ. ಸೂಜಿಮೊನೆ ಅನ್ನೋ ಖಾತೆಯಿಂದ ಅದೇ ವೈಫೈಯಲ್ಲಿ, ಅದೇ ಹೊತ್ತಲ್ಲಿ ಒಂದು ಬರಹ ಹೋಗಿದೆ. ಆದ್ರೆ ಮಾಸ್ತರೇ, ಇದರಿಂದ ಫೋನ್ ಅಲ್ಲಿತ್ತು ಅಂತ ಆಯ್ತೇ ಹೊರತು ನೀವು ಅಲ್ಲಿದ್ರಿ ಅಂತ ಆಗಲ್ಲ. ಫೋನ್ ಬೇರೆಯವರ ಕೈಲಿ ಕೊಟ್ಟಿರಬಹುದು. ಏನು ಬರೆದ್ರಿ, ಹೇಳಿ."

ಅಧಿಕಾರಿ ಬಾಗಿಲು ತೆರೆದು ಯಾರನ್ನೋ ಒಳಗೆ ಕರೆದರು. ಷಡ್ಡಕ. ಆ ಬರಹ ಬಂದ ಕೂಡಲೇ ಅವನ ಫೋನು ಸದ್ದು ಮಾಡಿತ್ತಂತೆ, ಊಟಕ್ಕೆ ಕೂತಿದ್ದವನು ಓದಿದ್ದನಂತೆ. ಬೆಂಕಿಯ ಸುದ್ದಿ ಬಂದದ್ದು ಅದರ ಬೆನ್ನಿಗೇ. ಪದಪದವೂ ನೆನಪಿದೆಯೆಂದು ಹೇಳಿಕೆ ಕೊಟ್ಟಿದ್ದ. ಅಂಗಡಿ ಸುಟ್ಟ ಕೂಡಲೇ ಪುಟವನ್ನೇ ತೆಗೆಸಿದ್ದರಿಂದ ಆ ಬರಹ ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಮಾಸ್ತರ ಹೇಳುವುದು ಅದಕ್ಕೆ ತಾಳೆಯಾಗಬೇಕಿತ್ತು.

ಷಡ್ಡಕ ಗೋಡೆಗೆ ಒರಗಿ ನಿಂತ. ಮಾಸ್ತರ ನೆಲ ನೋಡುತ್ತ, ಪಾಠ ಒಪ್ಪಿಸುವವನ ಹಾಗೆ ಶುರು ಮಾಡಿದ.

"ಸುಕ್ಕು ಕಡಿಮೆಯಾಗಿದೆ, ಹೋಗಿಲ್ಲ. ಕಚ್ಚಾ ನೂಲು ಜಗ್ಗಿದ ಮೇಲೆ ಉಬ್ಬು ದಿಂಬಿನ ಮೇಲಿಟ್ಟು ಆವಿ ಹಿಡಿಯಬೇಕು... ಬಟ್ಟೆ ಕುಗ್ಗಿ ತಾನೇ ಕೂರುತ್ತೆ. ಆಮೇಲೆ ಮಿಷನ್ನು. ಬರೀ ಹಲ್ಲು ಕಿರಿದರೆ ತೋಳು ಕೂರಲ್ಲ."

"ಅಷ್ಟೇನಾ?" ಎಂದರು ಅಧಿಕಾರಿ.

"ಒಂದು ನಕ್ಷತ್ರಕ್ಕೂ ಲಾಯಕ್ಕಿಲ್ಲ, ಅಂತ ಕೊನೇಲಿ ಬರೆದಿದ್ದೆ."

"ಸರಿಯಾಗಿದೆ" ಎಂದ ಷಡ್ಡಕ. ಗೋಡೆ ಬಿಟ್ಟು ಮುಂದೆ ಬಂದ. "ನೀವಾ ಅಣ್ಣ? ಎದುರಿಗೇ ಇದ್ರಲ್ಲ. ರಸ್ತೆ ದಾಟಿ ಬಂದು ಕೆನ್ನೆಗೆ ಎರಡು ಹೊಡೆದಿದ್ರೂ ಬೇಜಾರಾಗ್ತಿರ್ಲಿಲ್ಲ. ಇವನ್ಯಾರೋ ಸೂಜಿಮೊನೆ ಅಂತ ನಾವಿಬ್ರೂ ನಿದ್ದೆ ಬಿಟ್ಟಿದೀವಿ."

ಮಾಸ್ತರ ಬೆಂಕಿ ಹಚ್ಚಿದವನಲ್ಲ ಎಂದು ರುಜುವಾಯಿತು. ಏನು ಎಂಬುದೂ ಅದರ ಜೊತೆಗೇ ರುಜುವಾಯಿತು. ವಾರದೊಳಗೆ ಬೆಂಕಿಯ ಮೂಲವೂ ತಿಳಿಯಿತು. ಗೋಡೆಯೊಳಗಿನ ಹಳೆಯ ತಂತಿ ಹೊಸ ಯಂತ್ರದ ಭಾರ ತಡೆಯದೆ ಕಾದು ಕರಗಿತ್ತು.

ಮನೆಗೆ ಬಂದು, ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತ ಮೇಲೆ ಹೆಂಡತಿ ಹೇಳಿದಳು. "ನನ್ನ ತಂಗಿ ಆ ಸೂಜಿಮೊನೆಗೆ ಕೈ ಸೇದಿಹೋಗಲಿ ಅಂತ ಶಾಪ ಹಾಕ್ತಿದ್ಲು. ನಾನೂ ಹೂಂ ಅಂತ ಜೊತೆಗೆ ಹಾಕ್ತಿದ್ದೆ ಕಣ್ರೀ."

ಮಾಸ್ತರ ತನ್ನ ಬಲಗೈಯನ್ನು ಒಂದು ಸಲ ನೋಡಿಕೊಂಡ.

ಶಿಕ್ಷೆ ಕೊಟ್ಟವಳು ಅವಳೇ. ಎದುರಿನ ಅಂಗಡಿ ರಿಪೇರಿಯಾಗುವ ತನಕ ಷಡ್ಡಕ ನಮ್ಮ ಅಂಗಡಿಯಲ್ಲೇ ಹೊಲಿಯಲಿ ಎಂದಳು. ನಾದಿನಿ ಒಪ್ಪಲಿಲ್ಲ, ಆ ಭಾವನ ಮುಖ ನೋಡುವುದಿಲ್ಲ ಎಂದಳು. ಹಾಗೇ ನಡೆದುಕೊಂಡಳು ಕೂಡ. ಆದರೆ ಗಿರಾಕಿಗಳಿಗೆ ಮಾತು ಕೊಟ್ಟಿದ್ದ ಷಡ್ಡಕನಿಗೆ ಬೇರೆ ದಾರಿ ಇರಲಿಲ್ಲ. ಬಾಡಿಗೆಯ ಮಿಷನ್ನೊಂದನ್ನು ತಂದು ಕಿಟಕಿಯ ಪಕ್ಕ ಹಾಕಿಕೊಂಡ. ಮೊದಮೊದಲು ಎರಡು ಮಿಷನ್ನುಗಳು ಒಂದಕ್ಕೊಂದು ಜಗಳವಾಡುವ ಹಾಗೆ ಕಟಕಟ ಎನ್ನುತ್ತಿದ್ದವು.

ರಸ್ತೆಯಾಚೆ ಇದ್ದ ಹೊಟ್ಟೆಯುರಿ ಈಗ ಮಗ್ಗುಲಿಗೇ ಬಂದು ಕೂತಿತ್ತು. ಷಡ್ಡಕನನ್ನು ಹುಡುಕಿಕೊಂಡು ಬಂದ ಜನ ಮಾಸ್ತರನ ಬೆಂಚಿನ ಮೇಲೆಯೇ ಕೂತು, ಮಾಸ್ತರನನ್ನು ಮೇಜು ಕುರ್ಚಿಯ ಹಾಗೆ ನೋಡಿ, ಷಡ್ಡಕನ ಜೊತೆ ಹರಟಿದರು. ಹಲ್ಲಿನ ಡಾಕ್ಟರು ಬಂದು, "ಏನ್ರೀ, ನೀವಿಲ್ದೆ ಬೀದಿ ಸಪ್ಪೆಯಾಗಿತ್ತು" ಎಂದರು, ಮಾಸ್ತರನಿಗಲ್ಲ. ಅವನ ಸೂಜಿ ಬೆರಳಿಗೆ ಚುಚ್ಚಿತು. ಅಷ್ಟು ಕಾಲದ ಕಸುಬಿನಲ್ಲಿ ಬೆರಳು ಚುಚ್ಚಿಕೊಂಡದ್ದು ಅವನಿಗೆ ನೆನಪಿರಲಿಲ್ಲ.

ಅದಕ್ಕಿಂತ ಮೇಲಿನದೊಂದು ಕಾದಿತ್ತು. ಒಂದು ಮಧ್ಯಾಹ್ನ ಷಡ್ಡಕ ಕೋಟಿಗೆ ತೋಳು ಕೂಡಿಸಲು ಕೂತ. ಕೈಯಲ್ಲಿ ಎರಡು ಸಾಲು ಕಚ್ಚಾ ಹಾಕಿದ. ನೂಲನ್ನು ಮೆಲ್ಲಗೆ ಜಗ್ಗಿದ. ಉಬ್ಬು ದಿಂಬಿನ ಮೇಲಿಟ್ಟು ಆವಿ ಹಿಡಿದ. ಮಾಸ್ತರನ ಕತ್ತರಿ ಬಟ್ಟೆಯ ನಡುವೆ ನಿಂತುಹೋಯಿತು.

"ಇದನ್ನ ಎಲ್ಲಿ ಕಲಿತೆ?"

ಷಡ್ಡಕ ತಲೆ ಎತ್ತದೆ ಹೇಳಿದ. "ಸೂಜಿಮೊನೆ ಬರೆದದ್ದರಲ್ಲಿ. ಬೈಗುಳ ಬಿಟ್ಟು ಉಳಿದದ್ದನ್ನ ಬೇರೆ ಬರೆದಿಟ್ಕೊಂಡಿದ್ದೆ. ಎಲ್ಲ ಸರಿಯಾಗೇ ಇತ್ತು."

ಮಾಸ್ತರನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಗುರುವಾಗಿದ್ದಾಗ ಗುಂಡಿ ತರಲು ಕಳಿಸಿ ಬಚ್ಚಿಟ್ಟದ್ದನ್ನು ಹಗೆಯಾಗಿ ನಿಂತು ತಾನೇ ಒಪ್ಪಿಸಿಬಿಟ್ಟಿದ್ದ. ಕೊನೆಗೆ ತನ್ನ ಹೊಟ್ಟೆಕಿಚ್ಚೂ ಷಡ್ಡಕನ ಕೆಲಸಕ್ಕೇ ಬಂದಿತ್ತು.

ಬಹಳ ದಿನಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ ಆಗ ಹೊರಗೆ ಬಂತು. "ನಿನ್ನ ಫೋನನ್ನೂ ಅವರು ನೋಡಿದ್ರಲ್ಲ?"

"ಹೂಂ. ಅಂಗಡಿ ಮಾಲೀಕನದನ್ನ ಮೊದಲು ನೋಡ್ತಾರಂತೆ, ತಾನೇ ಹಚ್ಚಿಕೊಂಡನಾ ಅಂತ."

"ನೀನು ಯಾವತ್ತಾದ್ರೂ... ನನ್ನ ಅಂಗಡಿ ಬಗ್ಗೆ ಏನಾದ್ರೂ ಹುಡುಕಿದ್ಯಾ?"

ಷಡ್ಡಕ ಸೂಜಿ ನಿಲ್ಲಿಸಿ ಯೋಚಿಸಿದ. ನಿಜಕ್ಕೂ ಯೋಚಿಸಿದ. "ಇಲ್ಲ ಅಣ್ಣ. ಯಾಕೆ?"

"ಏನಿಲ್ಲ. ಸುಮ್ನೆ ಕೇಳಿದೆ."

ಒಂದು ಸಲ ಆದರೂ ಎಂದು ಮಾಸ್ತರನ ಮನಸ್ಸು ಒಳಗೇ ಅಂಗಲಾಚಿತು. ಒಂದು ರಾತ್ರಿಯಾದರೂ, ನಿದ್ದೆ ಬಾರದೆ, ಕೋಟಿನ ಮಾಸ್ತರನ ಕೈಚಳಕಕ್ಕೆ ಕರುಬಿ, ಅವನು ತನ್ನ ಹೆಸರನ್ನು ಒತ್ತಿರಬಾರದಿತ್ತೇ? ಇಲ್ಲ. ಬೇಕಾದರೆ ಆ ಮೇಡಂ ಬಂದು ಡಿಸ್ಕು ಬಿಚ್ಚಿ ಹುಡುಕಲಿ, ಅಳಿಸಿದ್ದರ ಅಡಿಯಲ್ಲೂ ಹುಡುಕಲಿ. ಅಲ್ಲಿ ತಾನಿಲ್ಲ. ಅವನಿಗೆ ಷಡ್ಡಕನ ಮೇಲೆ ಅಂದು ಬಂದಷ್ಟು ಹೊಟ್ಟೆಕಿಚ್ಚು ಹಿಂದೆಂದೂ ಬಂದಿರಲಿಲ್ಲ. ಅಷ್ಟು ನಿಶ್ಚಿಂತೆಯಾಗಿ ಬದುಕುವುದು ಅವನಿಗೆ ಹೇಗೆ ಬಂತು?

ಎದುರಿನ ಅಂಗಡಿ ಮತ್ತೆ ತೆರೆದ ದಿನ ಷಡ್ಡಕನೇ ಬಂದು ಕರೆದ. ಮಾಸ್ತರ ಹೋದ. ನಾದಿನಿ ಅವನನ್ನು ಕಂಡು ಒಳಗಿನ ಪರದೆಯ ಹಿಂದೆ ಸರಿದಳು. ಅವನಿಗೆ ಕೂರಿ ಎನ್ನಲಿಲ್ಲ. ಗೋಡೆಗೆ ಹೊಸ ಸುಣ್ಣ, ಹೊಸ ತಂತಿ. ಮೊಳೆಗೆ ಒಂದು ಕೋಟು ತೂಗುತ್ತಿತ್ತು. ಮಾಸ್ತರ ಅದರ ತೋಳಿನ ನೆತ್ತಿಯ ಮೇಲೆ ಹೆಬ್ಬೆರಳು ಆಡಿಸಿದ. ಎಲ್ಲ ಕಡೆ ಆಡಿಸಿದ. ಹಿಡಿಯಲು ಒಂದು ಸುಕ್ಕು ಸಿಗಲಿಲ್ಲ.

"ಹೇಗಿದೆ ಅಣ್ಣ?"

ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. "ತೋಳು ಕೂತಿದೆ" ಎಂದ. ಎಂದೂ ಯಾರಿಗೂ ಹೇಳದಿದ್ದ ಮಾತು. ಹೇಳಿ, ನಿಲ್ಲದೆ ಮನೆಯ ದಾರಿ ಹಿಡಿದ.

ಹೆಂಡತಿ ಬಾಗಿಲಲ್ಲೇ ಕೇಳಿದಳು. "ಹೇಗಿದೆ ಅಂಗಡಿ?"

"ಚೆನ್ನಾಗಿದೆ." ಒಳಗೆ ಬಂದು ಕುರ್ಚಿಯಲ್ಲಿ ಕುಸಿದ. ಸ್ವಲ್ಪ ಹೊತ್ತು ಮಂಡಿ ತಿಕ್ಕಿಕೊಂಡ. "ಹೊಟ್ಟೆ ಉರೀತಿದೆ ಕಣೇ. ತುಂಬಾ ಉರೀತಿದೆ."

ಇಷ್ಟು ವರ್ಷದಲ್ಲಿ ಈ ಮಾತನ್ನು ಅವನು ಅವಳ ಮುಂದೆ ಆಡಿದ್ದು ಅದೇ ಮೊದಲು. ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಫೋನಿಗೆ ಹೇಳಬೇಡಿ ಮತ್ತೆ. ನನಗೇ ಹೇಳಿ. ಈಗ ಕೈ ತೊಳ್ಕೊಂಡು ಬನ್ನಿ, ಊಟ ಆರಿಹೋಗ್ತಿದೆ."